1,800 ಲೀಟರ್ ಉಸಿರು

ಹೊಗೆ ತುಂಬಿದ ಕಟ್ಟಡದೊಳಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿಯ ಬೆನ್ನಿಗೆ ಬಿಗಿದಿರುವ ಸಿಲಿಂಡರಿನ ಹೊಟ್ಟೆ ಸಾಮಾನ್ಯವಾಗಿ ಆರು ಲೀಟರಿನದು. ಅದರೊಳಗೆ 300 ಬಾರ್, ಅಂದರೆ ನಮ್ಮ ಸುತ್ತಲಿನ ವಾತಾವರಣದ ಸುಮಾರು 300 ಪಟ್ಟು ಒತ್ತಡದಲ್ಲಿ ಗಾಳಿ ತುಂಬಿರುತ್ತದೆ. ಜನ ತಿಳಿದಂತೆ ಅದು ಆಮ್ಲಜನಕವಲ್ಲ. ಮಾಮೂಲಿ ಗಾಳಿಯನ್ನೇ ಸೋಸಿ, ಒಣಗಿಸಿ, ಒತ್ತಿ ತುಂಬಿದ್ದು. ಆರನ್ನು ಮುನ್ನೂರರಿಂದ ಗುಣಿಸಿದರೆ 1,800 ಲೀಟರ್. ಒಳಗೆ ಹೋದವನ ಆಯುಷ್ಯ ಸದ್ಯಕ್ಕೆ ಇಷ್ಟು.

ಇದು ಎಷ್ಟು ಹೊತ್ತಿಗೆ ಸಾಕು? ಕುರ್ಚಿಯಲ್ಲಿ ಕೂತು ಪತ್ರಿಕೆ ಓದುವವರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುತ್ತಾರೆ. ಅವರಿಗೆ ಈ ಸಿಲಿಂಡರ್ ಹತ್ತಿರ ಹತ್ತಿರ ನಾಲ್ಕು ಗಂಟೆ ಬರುತ್ತದೆ. ದಳದವರು ಕಾಗದದ ಮೇಲೆ ಲೆಕ್ಕ ಹಾಕುವಾಗ ನಿಮಿಷಕ್ಕೆ 40 ಲೀಟರ್ ಎಂದು ಹಿಡಿಯುತ್ತಾರೆ. ಆಗ 45 ನಿಮಿಷ. ಆದರೆ ಹೋಸ್ ಎಳೆಯುತ್ತಾ, ಮೆಟ್ಟಿಲು ಹತ್ತುತ್ತಾ, ಕಣ್ಣು ಕಾಣದ ಕತ್ತಲಲ್ಲಿ ಗೋಡೆ ತಡವುತ್ತಾ ಸಾಗುವವನ ಎದೆಗೆ ದಿಗಿಲು ಹೊಕ್ಕಿತೆನ್ನಿ, ಅದೇ ಮನುಷ್ಯ ನಿಮಿಷಕ್ಕೆ 80, 100 ಲೀಟರ್ ಎಳೆಯತೊಡಗುತ್ತಾನೆ. ಸಿಲಿಂಡರ್ 18 ನಿಮಿಷಕ್ಕೆ ಬರಿದು. ಅದರಲ್ಲೂ ಕೊನೆಯ 55 ಬಾರ್ ಉಳಿದಾಗ ಸೀಟಿ ಕೂಗಲು ಶುರುಮಾಡುತ್ತದೆ. ಆ 330 ಲೀಟರನ್ನು ಕೆಲಸಕ್ಕೆ ಬಳಸುವ ಹಾಗಿಲ್ಲ, ಅದು ಹೊರಗೆ ಬರುವ ದಾರಿಖರ್ಚು. ಹಾಗಾಗಿ ಕೆಲಸಕ್ಕೆ ಸಿಗುವ ಸಮಯ ಸಮಾಧಾನಿಗೆ 37 ನಿಮಿಷ, ಗಾಬರಿಯವನಿಗೆ 15.

ಒಳಗೆ ಒಬ್ಬರನ್ನೇ ಕಳಿಸುವುದಿಲ್ಲ, ಜೋಡಿಯಾಗಿಯೇ ಹೋಗಬೇಕು. ಇಬ್ಬರಲ್ಲಿ ಯಾರ ಗೇಜು ಮೊದಲು ಇಳಿಯುತ್ತದೋ ಅವರ ಲೆಕ್ಕಕ್ಕೆ ಇಬ್ಬರೂ ಹೊರಬರಬೇಕು. ಬಾಗಿಲ ಬಳಿ ಒಬ್ಬ ಫಲಕ ಹಿಡಿದು, ಯಾರು ಎಷ್ಟು ಗಂಟೆಗೆ ಎಷ್ಟು ಬಾರ್ ಇಟ್ಟುಕೊಂಡು ಒಳಗೆ ಹೋದರು ಎಂದು ಬರೆದು, ಗಡಿಯಾರ ನೋಡುತ್ತಾ ನಿಂತಿರುತ್ತಾನೆ. ಈ ನೌಕರಿಗೆ ‘ಒತ್ತಡದಲ್ಲೂ ತಾಳ್ಮೆಗೆಡದವರು ಬೇಕು’ ಎಂದು ಎಲ್ಲರೂ ಹೇಳುತ್ತಾರೆ, ಅದೊಂದು ಒಳ್ಳೆಯ ಸ್ವಭಾವದ ಮಾತು ಎಂಬಂತೆ. ಇಲ್ಲಿ ಅದು ಸ್ವಭಾವದ ಮಾತಾಗಿ ಉಳಿಯುವುದಿಲ್ಲ. ಲೀಟರಿನಲ್ಲಿ ಅಳೆದು ಫಲಕದ ಮೇಲೆ ಬರೆಯುವ ಸಂಗತಿ ಅದು.

ಈ ಗಾಳಿ ಇಲ್ಲದೆ ಒಳಗೆ ಹೋದರೆ ಏನು? ಉರಿಯುವ ಕೋಣೆಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೂರು ಪಾಲು ಗಾಳಿಯಲ್ಲಿ ಅದರ ಪಾಲು ಬರೀ ಒಂದೂಕಾಲು ದಾಟಿದರೆ ಎರಡು ಮೂರು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ, ಮೂರು ನಿಮಿಷದೊಳಗೆ ಪ್ರಾಣ ಹೋಗಬಹುದು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರಲ್ಲ, ಅಲ್ಲಿ ಜನರನ್ನು ಕಿಟಕಿಗೆ ಅಟ್ಟಿದ್ದು ಹೊಗೆ. ಅಂದು ಟಿ.ವಿ.ಯಲ್ಲಿ ಅದನ್ನು ಕಂಡವರಿಗೆ ಜ್ವಾಲೆ ನೆನಪಿರಲಾರದು. ಒಡೆದ ಗಾಜು, ಕಿಟಕಿಗೆ ಜೋತುಬಿದ್ದವರು, ಕೆಳಗೆ ಜಿಗಿದವರು ನೆನಪಿರುತ್ತಾರೆ.

ಇನ್ನು ಬೆಂಕಿಯ ಕಡೆಯ ಲೆಕ್ಕ. ಎಂಜಿನಿಯರುಗಳು ಬೆಂಕಿಯನ್ನು ಅದು ಬೆಳೆಯುವ ವೇಗದ ಮೇಲೆ ನಿಧಾನ, ಮಧ್ಯಮ, ವೇಗ, ಅತಿವೇಗ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ‘ವೇಗ’ದ ಗುಂಪಿನ ಬೆಂಕಿ 150 ಸೆಕೆಂಡಿಗೆ ಒಂದು ಮೆಗಾವಾಟ್ ಮುಟ್ಟುತ್ತದೆ. ಮನೆಯ ಎರಡು ಕಿಲೋವಾಟಿನ ಗೀಸರುಗಳನ್ನು ಐನೂರು ಸಾಲಾಗಿಟ್ಟು ಒಮ್ಮೆಲೇ ಸ್ವಿಚ್ ಒತ್ತಿದರೆ ಎಷ್ಟೋ ಅಷ್ಟು ಶಾಖ. ಎದೆ ಝಲ್ಲೆನ್ನಿಸುವುದು ಅದಲ್ಲ, ಮುಂದಿನದು. ಈ ಶಾಖ ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಇನ್ನೊಂದು 150 ಸೆಕೆಂಡು ಕಳೆದರೆ ಎರಡಾಗುವುದಿಲ್ಲ, ನಾಲ್ಕು ಮೆಗಾವಾಟ್ ಆಗುತ್ತದೆ. ಮತ್ತೊಂದು 150 ಸೆಕೆಂಡಿಗೆ ಒಂಬತ್ತು. ಸಿಗ್ನಲ್ಲಿನಲ್ಲಿ ದಾರಿ ಬಿಡದ ಕಾರೊಂದು ಫೈರ್ ಎಂಜಿನ್ನನ್ನು ಎರಡೂವರೆ ನಿಮಿಷ ತಡೆದರೆ ಅದು ಕದ್ದದ್ದು ಎರಡೂವರೆ ನಿಮಿಷವನ್ನಷ್ಟೇ ಅಲ್ಲ.

ನಮ್ಮ ಮನೆಯ ಸಾಮಾನೂ ಬೆಂಕಿಯ ಪರವಾಗಿದೆ. ಅಮೆರಿಕದ ಯು.ಎಲ್. ಸಂಸ್ಥೆಯವರು ಒಂದೇ ಅಳತೆಯ ಎರಡು ಹಜಾರಗಳನ್ನು ಕಟ್ಟಿ, ಒಂದರಲ್ಲಿ ಹಳೆ ಕಾಲದ ಮರ, ಹತ್ತಿ, ಉಣ್ಣೆಯ ಸಾಮಾನು, ಇನ್ನೊಂದರಲ್ಲಿ ಇಂದಿನ ಫೋಮ್ ಸೋಫಾ, ಸಿಂಥೆಟಿಕ್ ಪರದೆ ಇಟ್ಟು ಕಡ್ಡಿ ಗೀರಿದರು. ಹಳೆಯ ಕೋಣೆ ಪೂರ್ತಿ ಧಗ್ಗೆನ್ನಲು ಸುಮಾರು 29 ನಿಮಿಷ ಬೇಕಾಯಿತು. ಹೊಸದಕ್ಕೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಹೀಗೆ ಕೋಣೆಯ ಪ್ರತಿ ವಸ್ತುವೂ ಒಟ್ಟಿಗೆ ಹೊತ್ತಿಕೊಳ್ಳುವುದನ್ನು ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಚಾವಣಿಯಡಿ ಮಡುಗಟ್ಟಿದ ಹೊಗೆ 500ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಅಲ್ಲಿಂದ ನೆಲದ ಪ್ರತಿ ಚದರ ಮೀಟರಿಗೆ 20 ಕಿಲೋವಾಟ್ ಶಾಖ ಸುರಿಯುವ ಹೊತ್ತು ಅದು. ಕಲಬುರಗಿಯ ನಡುಬೇಸಿಗೆಯ ನೆತ್ತಿಯ ಸೂರ್ಯ ಕೊಡುವುದು ಚದರ ಮೀಟರಿಗೆ ಹೆಚ್ಚೆಂದರೆ ಒಂದು ಕಿಲೋವಾಟ್. ಆ ಕ್ಷಣದಲ್ಲಿ ಒಳಗೆ ಸಿಕ್ಕಿಕೊಂಡರೆ ಮೈಮೇಲಿನ ಬೆಲೆಬಾಳುವ ರಕ್ಷಾಕವಚವೂ ಕೆಲವು ಸೆಕೆಂಡು ಮಾತ್ರ ಕಾಯಬಲ್ಲದು. ಅದಕ್ಕೇ ಪಳಗಿದವರ ಕಣ್ಣು ಜ್ವಾಲೆಯ ಮೇಲೆ ನೆಡುವುದಿಲ್ಲ. ಅವರು ಹೊಗೆಯ ಬಣ್ಣ, ಅದು ಎಷ್ಟು ಕೆಳಗಿಳಿದಿದೆ, ಎಷ್ಟು ಜೋರಾಗಿ ಹೊರಳುತ್ತಿದೆ ಎಂಬುದನ್ನು ನೋಡುತ್ತಾರೆ.

ನೀರು ಇದೆಯಲ್ಲ ಎನ್ನುತ್ತೀರಿ. ನಮ್ಮ ಊರುಗಳ ಸಾಮಾನ್ಯ ವಾಟರ್ ಟೆಂಡರ್ ಹೊರುವುದು 4,500 ಲೀಟರ್. ಹೋಸಿನ ತುದಿಗಿರುವ ಹಿತ್ತಾಳೆಯ ಬ್ರಾಂಚಿನ ಬಾಯಿ 20 ಮಿಲಿಮೀಟರಿನದಾಗಿದ್ದು, ಅಲ್ಲಿ ಏಳು ಬಾರ್ ಒತ್ತಡವಿದ್ದರೆ ನಿಮಿಷಕ್ಕೆ 700 ಲೀಟರ್ ಚಿಮ್ಮುತ್ತದೆ. ಭಾಗಿಸಿ ನೋಡಿ: ಆರೂವರೆ ನಿಮಿಷಕ್ಕೆ ಗಾಡಿ ಖಾಲಿ. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬ ಗಾದೆಯನ್ನು ನಾವು ಸೋಮಾರಿಗಳಿಗೆ ಹೇಳುತ್ತೇವೆ. ದಳದ ಅಧಿಕಾರಿ ಮಾತ್ರ ಗಾಡಿಯಿಂದ ಇಳಿದ ಮೊದಲ ನಿಮಿಷದಲ್ಲೇ ಬಾವಿ ಎಲ್ಲಿ, ಸಂಪು ಎಲ್ಲಿ, ಕೆರೆ ಎಲ್ಲಿ ಎಂದು ಕೇಳುತ್ತಾನೆ. ಸುತ್ತ ನೆರೆದ ಜನಕ್ಕೆ ಅದು ಅರ್ಥವಾಗುವುದಿಲ್ಲ. ಮನೆ ಉರಿಯುತ್ತಿರುವಾಗ ಈ ಮನುಷ್ಯ ನಿಂತು ವಿಚಾರಿಸುತ್ತಿದ್ದಾನಲ್ಲ ಎಂದು ಬೈಯುತ್ತಾರೆ. ಕೆಲವೊಮ್ಮೆ ಕಲ್ಲೂ ಬೀಳುತ್ತವೆ.

ಆದರೆ ನೀರಿನ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಅದರ ಕೊರತೆಯಲ್ಲ, ಅದರ ಬಲ. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಎರಡೂವರೆ ಮೆಗಾಜೂಲಿನಷ್ಟು ಶಾಖ ಹೀರುತ್ತದೆ. ಧಗಧಗ ಉರಿಯುವ ಸೋಫಾ ಒಂದು ಸೆಕೆಂಡಿಗೆ ಕಕ್ಕುವುದು ಹೆಚ್ಚುಕಡಿಮೆ ಅಷ್ಟೇ ಶಾಖ. ಹಾಗೆಂದರೆ ಲೆಕ್ಕದ ಪ್ರಕಾರ ಸೆಕೆಂಡಿಗೊಂದು ಲೀಟರ್, ಸರಿಯಾದ ಜಾಗಕ್ಕೆ ಬಿದ್ದರೆ, ಒಂದು ಸೋಫಾಕ್ಕೆ ಸಾಕು. ನಮ್ಮ ಬ್ರಾಂಚು ಸೆಕೆಂಡಿಗೆ ಹನ್ನೆರಡು ಲೀಟರ್ ಎಸೆಯುತ್ತದೆ. ಇಷ್ಟಿದ್ದೂ ಗಾಡಿಗಟ್ಟಲೆ ನೀರು ಹರಿಯುವುದೇಕೆಂದರೆ ಬಹುಪಾಲು ನೀರು ಉರಿಯುವ ಜಾಗವನ್ನು ಮುಟ್ಟುವುದೇ ಇಲ್ಲ. ಗೋಡೆಗೆ ಬಡಿದು ಮೆಟ್ಟಿಲಿಳಿದು ಬೀದಿ ಸೇರುತ್ತದೆ.

ಮುಟ್ಟಿದರೂ ಅಪಾಯವಿದೆ. ನೂರು ಡಿಗ್ರಿಯಲ್ಲಿ ಆವಿಯಾದ ನೀರು 1,700 ಪಟ್ಟು ಹಿಗ್ಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಹಿಡಿಸುವುದು ಸುಮಾರು 28,000 ಲೀಟರ್ ಗಾಳಿ. ಅಂದರೆ 17 ಲೀಟರ್, ಒಂದು ತುಂಬುಕೊಡದಷ್ಟು ನೀರು ಆ ಕೋಣೆಯ ಮೂಲೆ ಮೂಲೆಯನ್ನೂ ಕುದಿಯುವ ಹಬೆಯಿಂದ ತುಂಬಬಲ್ಲದು. ಬ್ರಾಂಚು ಅಷ್ಟು ನೀರು ಸುರಿಸಲು ಒಂದೂವರೆ ಸೆಕೆಂಡು ಸಾಕು. ಗಾಬರಿಬಿದ್ದು ಬ್ರಾಂಚನ್ನು ಪೂರ್ತಿ ತೆರೆದು ಮುಚ್ಚಿದ ಕೋಣೆಯೊಳಗೆ ಹಿಡಿದವನು ಬೆಂಕಿಯ ಜೊತೆ ತನ್ನ ಪಕ್ಕದ ಸಂಗಾತಿಯನ್ನೂ ಬೇಯಿಸಿಬಿಡಬಹುದು. ಆದ್ದರಿಂದಲೇ ಹೊಗೆಯತ್ತ ಚಿಕ್ಕ ಚಿಕ್ಕದಾಗಿ ಸಿಂಪಡಿಸಿ, ನಿಲ್ಲಿಸಿ, ನೋಡಿ, ಮತ್ತೆ ಸಿಂಪಡಿಸುವುದನ್ನು ಕಲಿಸುತ್ತಾರೆ. ಒಗ್ಗರಣೆಯ ಬಾಣಲೆಗೆ ಬೆಂಕಿ ಹತ್ತಿದಾಗ ಕಾಲು ಲೀಟರ್ ನೀರಿನ ಚೊಂಬು ಎರಚಿದರೂ ನಾನೂರಕ್ಕೂ ಹೆಚ್ಚು ಲೀಟರ್ ಹಬೆ ಉರಿಯುವ ಎಣ್ಣೆಯನ್ನು ಹೊತ್ತು ಮೇಲೇಳುವುದು ಇದೇ ಲೆಕ್ಕದಲ್ಲಿ. ತಟ್ಟೆ ಮುಚ್ಚಿ, ಗ್ಯಾಸ್ ಆರಿಸಿ, ಅಷ್ಟೇ.

ಈ ಹನ್ನೆರಡು ಲೀಟರ್ ಮುಂದಕ್ಕೆ ಚಿಮ್ಮುವಾಗ ಹಿಡಿದವನನ್ನು ಹಿಂದಕ್ಕೆ ತಳ್ಳುವ ಬಲ 45 ಕಿಲೋ ಭಾರಕ್ಕೆ ಸಮ. ಕೈ ಜಾರಿದರೆ ಬ್ರಾಂಚು ಹೆಡೆಯಾಡಿಸುತ್ತಾ ಮೂಳೆ ಮುರಿಯುತ್ತದೆ. 63 ಮಿಲಿಮೀಟರಿನ ಹೋಸು, ಹದಿನೈದು ಮೀಟರಿನದೊಂದು ತುಂಡು, ನೀರು ತುಂಬಿಕೊಂಡಾಗ ನೀರಿನ ತೂಕವೇ 47 ಕಿಲೋ. ಅಂಥ ನಾಲ್ಕು ತುಂಡು ಜೋಡಿಸಿ ಮೂರನೇ ಮಹಡಿಗೆ ಎಳೆದರೆ ಸುಮಾರು 190 ಕಿಲೋ. ಮೈಮೇಲಿನ ಬಟ್ಟೆ, ಬೂಟು, ಹೆಲ್ಮೆಟ್, ಉಸಿರಾಟದ ಸಿಲಿಂಡರಿನ ಬಿ.ಎ. ಸೆಟ್ಟು ಸೇರಿ ಬೇರೆ ಇಪ್ಪತ್ತು ಕಿಲೋಗೂ ಮೇಲೆ. ಇನ್ನು ಪ್ರತಿ ಹತ್ತು ಮೀಟರ್ ಎತ್ತರಕ್ಕೆ ನೀರು ಒಂದು ಬಾರ್ ಒತ್ತಡ ಕಳೆದುಕೊಳ್ಳುತ್ತದೆ. ಬೆಂಗಳೂರಿನ ದಳದ ಬಳಿ 90 ಮೀಟರ್ ಎತ್ತರಕ್ಕೆ ಚಾಚುವ ಏಣಿಗಾಡಿ ಇದೆ, ಸುಮಾರು ಮೂವತ್ತು ಮಹಡಿ. ಅದರ ತುದಿಗೆ ನೀರು ಮುಟ್ಟಿಸಲಿಕ್ಕೇ ಒಂಬತ್ತು ಬಾರ್ ಖರ್ಚು. ಅದಕ್ಕಿಂತ ಎತ್ತರದ ಅಪಾರ್ಟ್‌ಮೆಂಟುಗಳು ತಮ್ಮದೇ ಪಂಪುಗಳನ್ನು ನಂಬಿಕೊಂಡಿರಬೇಕು.

ಇಷ್ಟೆಲ್ಲ ಹೊತ್ತ ದೇಹದ ಒಳಗಿನ ಲೆಕ್ಕ ಇನ್ನೂ ಕಠೋರ. 2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ಅಗ್ನಿಶಾಮಕರ ಸಾವುಗಳನ್ನು ಎಣಿಸಿತು. ಕರ್ತವ್ಯದಲ್ಲಿದ್ದಾಗ ಸತ್ತವರಲ್ಲಿ ಶೇ. 45 ಮಂದಿಯನ್ನು ಕೊಂದದ್ದು ಬೆಂಕಿಯಲ್ಲ, ಹೃದಯ. ಬೆಂಕಿ ಆರಿಸುವ ಕೆಲಸ ಅವರ ದುಡಿಮೆಯ ಹೊತ್ತಿನಲ್ಲಿ ಶೇ. 1ರಿಂದ 5ರಷ್ಟು ಮಾತ್ರ. ಆದರೆ ಹೃದಯಾಘಾತದ ಸಾವುಗಳಲ್ಲಿ ಶೇ. 32 ಆ ಕಿಂಚಿತ್ತು ಹೊತ್ತಿನಲ್ಲೇ. ಠಾಣೆಯಲ್ಲಿ ಕೂತಿದ್ದಾಗಿನದಕ್ಕೆ ಹೋಲಿಸಿದರೆ ಅಪಾಯ ಹತ್ತು ಪಟ್ಟಿನಿಂದ ನೂರು ಪಟ್ಟಿನವರೆಗೆ. ನಿದ್ದೆಯಲ್ಲಿರುವವನ ಕಿವಿಗೆ ಬೆಲ್ಲು ಬಿದ್ದು, ಒಂದು ನಿಮಿಷದೊಳಗೆ ಗಾಡಿ ಹತ್ತಿ, ಐದು ನಿಮಿಷದಲ್ಲಿ ಮೆಟ್ಟಿಲೇರುವಾಗ ಎದೆ ತನ್ನ ಗರಿಷ್ಠ ವೇಗದಲ್ಲಿ ಬಡಿಯುತ್ತಿರುತ್ತದೆ. ಹೊರಗೆ ಶಾಂತವಾಗಿ ಕಾಣುವವನ ಒಳಗೆ ನಡೆಯುತ್ತಿರುವುದು ಇದು. ಶಾಂತ ಸ್ವಭಾವ ಎಂದು ನಾವು ಹೊಗಳುವಾಗ ಅದಕ್ಕೆ ದೇಹ ತೆರುವ ಬೆಲೆಯನ್ನು ಮರೆಯುತ್ತೇವೆ.

ಈ ದೇಶದ ಅಗ್ನಿಶಾಮಕರು ಪ್ರತಿ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸುತ್ತಾರೆ. ಶಾಲೆಗಳಲ್ಲಿ ಅಣಕು ಪ್ರದರ್ಶನ, ಕರಪತ್ರ, ಬ್ಯಾಡ್ಜು. ಆ ದಿನಾಂಕದ ಹಿಂದಿರುವುದು 1944ರ ಬೊಂಬಾಯಿ ಬಂದರು. ಏಪ್ರಿಲ್ 12ರಂದು ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಕರಾಚಿ ಮಾರ್ಗವಾಗಿ ಬಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿತು. ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕ, 8,700 ಹತ್ತಿ ಅಂಡಿಗೆ, ಎಣ್ಣೆಯ ಡ್ರಮ್ಮು, ಮರ, ಜೊತೆಗೆ ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿ, ಒಂದೊಂದೂ 12 ಕಿಲೋಗೂ ಮೇಲೆ. ಹತ್ತಿ ಮತ್ತು ಸಿಡಿಮದ್ದನ್ನು ಒಂದೇ ಹಡಗಿಗೆ ತುಂಬಿದವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು. ಯುದ್ಧಕಾಲ, ಹಡಗುಗಳ ಬರ ಎಂಬ ಕಾರಣ ಅವರಿಗಿತ್ತು.

14ರ ಮಧ್ಯಾಹ್ನ ಹೊಗೆ ಕಂಡಿತು. ದಳ ಬಂತು. ಹಡಗಿನೊಳಗೆ 900 ಟನ್‌ಗೂ ಹೆಚ್ಚು ನೀರು ಸುರಿದರು; ಇಂದಿನ ವಾಟರ್ ಟೆಂಡರುಗಳ ಲೆಕ್ಕದಲ್ಲಿ ಇನ್ನೂರು ಗಾಡಿ. ಬೆಂಕಿಯ ಬುಡ ಮಾತ್ರ ಸಿಗಲಿಲ್ಲ. ಒತ್ತಿ ಕಟ್ಟಿದ ಹತ್ತಿ ಒಳಗೊಳಗೇ ಬೇಯುತ್ತದೆ, ನೀರು ಅದರ ಹೊಟ್ಟೆಯನ್ನು ಹೊಗುವುದಿಲ್ಲ. ಹಡಗಿನ ಸುತ್ತ ನೀರು ಕುದಿಯತೊಡಗಿತು. ಹಡಗನ್ನು ಅಲ್ಲೇ ಮುಳುಗಿಸಬೇಕೆ, ಹೊರಗೆ ಸಮುದ್ರಕ್ಕೆ ಎಳೆದೊಯ್ಯಬೇಕೆ, ನಿಂತಲ್ಲೇ ಆರಿಸಬೇಕೆ? ಬಂದರಿನ ಅಧಿಕಾರಿ, ಸೇನೆಯವರು, ಹಡಗಿನ ಕಪ್ತಾನ ಎಲ್ಲರೂ ಸ್ಥಳದಲ್ಲಿದ್ದರು, ಇದೇ ಆಗಬೇಕು ಎಂದು ಗಟ್ಟಿಯಾಗಿ ಹೇಳುವವರೊಬ್ಬರು ಇರಲಿಲ್ಲ. ಎರಡು ಗಂಟೆ ಹೀಗೆ ಹೋಯಿತು. 3 ಗಂಟೆ 50 ನಿಮಿಷಕ್ಕೆ ಹಡಗು ಬಿಡುವಂತೆ ಆಜ್ಞೆಯಾಯಿತು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, 4 ಗಂಟೆ 34 ನಿಮಿಷಕ್ಕೆ ಅದಕ್ಕಿಂತ ದೊಡ್ಡದು.

ಹನ್ನೆರಡು ಕಿಲೋಮೀಟರ್ ದೂರದ ಕಿಟಕಿ ಗಾಜುಗಳು ಒಡೆದವು. 1,700 ಕಿಲೋಮೀಟರ್ ಆಚೆ, ಶಿಮ್ಲಾದ ಭೂಕಂಪಮಾಪಕದ ಮುಳ್ಳು ಅಲುಗಿತು. ಅಕ್ಕಪಕ್ಕದ ಹನ್ನೊಂದು ಹಡಗುಗಳು ಮುಳುಗಿದವು ಅಥವಾ ಮುಳುಗುವ ಸ್ಥಿತಿಗೆ ಬಂದವು. ಉರಿಯುವ ಹತ್ತಿ ಆಕಾಶದಿಂದ ಕೊಳೆಗೇರಿಗಳ ಮೇಲೆ ಬಿತ್ತು. ಸತ್ತವರು ಎಂಟುನೂರರಿಂದ ಹದಿಮೂರುನೂರು ಎಂದು ಬೇರೆಬೇರೆ ಎಣಿಕೆಗಳಿವೆ. ಉರಿ ಹತೋಟಿಗೆ ಬರಲು ಮೂರು ದಿನ. ಎಂಟು ಸಾವಿರ ಜನ ಏಳು ತಿಂಗಳು ದುಡಿದು ಸುಮಾರು ಐದು ಲಕ್ಷ ಟನ್ ಅವಶೇಷ ಎತ್ತಿದರು. ಚಿನ್ನದ ಗಟ್ಟಿಗಳು ಹೂಳೆತ್ತುವಾಗ ದಶಕಗಳ ಅನಂತರವೂ ಸಿಕ್ಕಿವೆ. ಅಗ್ನಿಶಾಮಕರು ಸತ್ತದ್ದು 66 ಮಂದಿ. ಅವರಲ್ಲಿ ಹೆದರಿ ಓಡಿದವರು ಕಡಿಮೆ ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಕೆಳಗಿನವರಿಗೆ ಸಮಚಿತ್ತ ಬೇಕಾದಷ್ಟಿತ್ತು, ಮೇಲಿನವರಿಗೆ ತೀರ್ಮಾನ ಇರಲಿಲ್ಲ. ಈ ಎರಡನ್ನು ಒಂದೇ ಎಂದು ತಿಳಿದು ಬೆರೆಸುವುದು ನಮ್ಮಲ್ಲಿ ಮಾಮೂಲು.

ತೀರ್ಮಾನಕ್ಕೂ ಲೆಕ್ಕ ಉಂಟು. 1980ರ ದಶಕದಲ್ಲಿ ಗ್ಯಾರಿ ಕ್ಲೈನ್ ಎಂಬ ಅಮೆರಿಕದ ಮನೋವಿಜ್ಞಾನಿ ಮತ್ತು ಸಂಗಡಿಗರು 26 ಅನುಭವಿ ದಳಪತಿಗಳನ್ನು ಮಾತಿಗೆ ಕೂರಿಸಿದರು. ಸರಾಸರಿ ಸೇವೆ 23 ವರ್ಷ. ಅವರು ಹೇಳಿದ ಘಟನೆಗಳಿಂದ 156 ನಿರ್ಧಾರದ ಕ್ಷಣಗಳನ್ನು ಹೆಕ್ಕಿದರು. ಕ್ಲೈನ್ ನಿರೀಕ್ಷಿಸಿದ್ದು, ದಳಪತಿ ಎರಡು ದಾರಿಗಳನ್ನಾದರೂ ತೂಗಿ ನೋಡುತ್ತಾನೆ ಎಂದು. ಸುಮಾರು ಶೇ. 80ರಷ್ಟು ಕಡೆ ತೂಗಿಯೇ ಇರಲಿಲ್ಲ. ನೋಡಿದೊಡನೆ ‘ಇದು ಇಂಥದ್ದು’ ಎಂದು ಗುರುತು ಹಿಡಿದು, ಹೊಳೆದ ಮೊದಲ ದಾರಿಯನ್ನೇ ಮನಸ್ಸಿನಲ್ಲಿ ಒಮ್ಮೆ ನಡೆಸಿ ನೋಡಿ, ಕೈಹಾಕಿದ್ದರು. ಬಹುಪಾಲು ನಿರ್ಧಾರಗಳಿಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. 23 ವರ್ಷ ಕೂಡಿಟ್ಟದ್ದನ್ನು 60 ಸೆಕೆಂಡಿನಲ್ಲಿ ಖರ್ಚು ಮಾಡುವ ವ್ಯವಹಾರ ಇದು.

ಆದರೆ ಎಂದೂ ಕಾಣದ್ದು ಎದುರಾದಾಗ? 1949ರ ಆಗಸ್ಟ್ 5, ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಕಣಿವೆ. ಕಾಳ್ಗಿಚ್ಚು ಆರಿಸಲು ಪ್ಯಾರಾಚೂಟಿನಲ್ಲಿ ಜಿಗಿದ 15 ಮಂದಿ, ಜೊತೆಗೆ ಸ್ಥಳದ ಕಾವಲುಗಾರನೊಬ್ಬ. ಜಿಗಿದು ಎರಡು ಗಂಟೆಯೊಳಗೆ ಬೆಂಕಿ ಕಣಿವೆ ದಾಟಿ ಅವರ ಕೆಳಗಿನ ಒಣಹುಲ್ಲಿಗೆ ಹತ್ತಿತು. ಮೇಲಕ್ಕೆ ಕಡಿದಾದ ಇಳಿಜಾರು. ಹಿಂದಿನಿಂದ ಬರುತ್ತಿದ್ದ ಬೆಂಕಿಯ ವೇಗ ಕೊನೆಗೆ ನಿಮಿಷಕ್ಕೆ ಆರುನೂರು ಅಡಿ. ಅಂಥ ಏರಿನಲ್ಲಿ ಮನುಷ್ಯ ಹಾಗೆ ಓಡಲಾರ. ನಾಯಕ ವ್ಯಾಗ್ನರ್ ಡಾಜ್ ನಿಂತುಬಿಟ್ಟ. ಬೆಂಕಿಪೆಟ್ಟಿಗೆ ತೆಗೆದು ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದ. ಅದು ಉರಿದು ಮುಂದೆ ಹೋದ ಮೇಲೆ ಉಳಿದ ಬಿಸಿಬೂದಿಯೊಳಗೆ ಬೋರಲು ಮಲಗಿ, ಬನ್ನಿ ಎಂದು ಉಳಿದವರನ್ನು ಕರೆದ. ಯಾರೂ ಬರಲಿಲ್ಲ. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಪಕ್ಕದಲ್ಲೇ ಓಡಿಹೋದರು. ದೊಡ್ಡ ಬೆಂಕಿ ಬಂದಾಗ ಅವನ ಸುತ್ತ ಸುಡಲು ಏನೂ ಉಳಿದಿರಲಿಲ್ಲ; ಅದು ಬದಿಯಿಂದ ಹಾದುಹೋಯಿತು.

ಹದಿನಾರರಲ್ಲಿ ಹದಿಮೂರು ಮಂದಿ ಸತ್ತರು. ಡಾಜ್‌ನ ಹೊರತು ಬದುಕಿದ ಇಬ್ಬರು ಶಿಖರದ ಬಂಡೆಯ ಬಿರುಕಿನಲ್ಲಿ ನುಸುಳಿದವರು. ಆಮೇಲೆ ಆ ಬೆಂಕಿಯನ್ನು ಹತೋಟಿಗೆ ತರಲು 450 ಜನಕ್ಕೆ ಐದು ದಿನ ಹಿಡಿಯಿತು. ಬಯಲುನಾಡಿನ ಮೂಲನಿವಾಸಿಗಳಿಗೆ ಈ ಉಪಾಯ ಹಿಂದಿನಿಂದ ಗೊತ್ತಿತ್ತು, ಡಾಜ್‌ಗೆ ಕಲಿಸಿದ್ದ ಪಾಠದಲ್ಲಿ ಅದು ಇರಲಿಲ್ಲ. ನನ್ನನ್ನು ಕಾಡುವುದು ಅವನ ಜಾಣ್ಮೆಗಿಂತ ಆ ಹದಿನೈದು ಮಂದಿ. ಅವರೂ ಹೇಡಿಗಳಲ್ಲ, ವಿಮಾನದಿಂದ ಬೆಂಕಿಗೆ ಜಿಗಿಯುವವರು. ಒಬ್ಬನ ತಲೆ ತಣ್ಣಗಿದ್ದು ಅವನ ಮಾತು ಉಳಿದವರ ಕಿವಿಗೆ ಬೀಳದಿದ್ದರೆ ಅದು ಒಬ್ಬನನ್ನಷ್ಟೇ ಉಳಿಸುತ್ತದೆ. ಪರಸ್ಪರ ಗುರುತಿಲ್ಲದ ತಂಡವನ್ನು ಒಟ್ಟಿಗೆ ಕಳಿಸಬಾರದು ಎಂಬ ಪಾಠವನ್ನು ಅರಣ್ಯದ ಅಗ್ನಿಶಾಮಕರು ಇಂದಿಗೂ ಆ ಕಣಿವೆಯ ಹೆಸರು ಹೇಳಿಯೇ ಕಲಿಯುತ್ತಾರೆ.

ಅರುವತ್ತು ಸೆಕೆಂಡಿನ ಶಾಂತಿಗಿಂತ ಬೇರೆಯದಾದ ಇನ್ನೊಂದಿದೆ. 2024ರ ಏಪ್ರಿಲ್ 3ರ ಸಂಜೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷ ತುಂಬದ ಮಗುವೊಂದು ಕೊಳವೆಬಾವಿಗೆ ತಲೆಕೆಳಗಾಗಿ ಬಿತ್ತು. ಸುಮಾರು 16 ಅಡಿ ಆಳ. ಕ್ಯಾಮೆರಾ ಇಳಿಸಿದಾಗ ಪುಟ್ಟ ಕಾಲು ಅಲುಗುವುದು ಕಂಡಿತು. ಅಗ್ನಿಶಾಮಕ ದಳ, ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ ಸೇರಿ ಪಕ್ಕದಲ್ಲಿ 21 ಅಡಿ ಗುಂಡಿ ತೋಡಿ, ಅಲ್ಲಿಂದ ಅಡ್ಡಕ್ಕೆ ಕೊರೆದರು. ಹಿಟಾಚಿಯ ಪ್ರತಿ ಏಟಿಗೂ ಮಣ್ಣು ಅದುರಿ ಮಗುವಿನ ಮೇಲೆ ಬೀಳುವ ಭಯ, ನಡುವೆ ಬಂಡೆ. ಇಲ್ಲಿ ಬೇಗ ಮಾಡುವವನೇ ಅಪಾಯಕಾರಿ. 20 ಗಂಟೆ, ಅಂದರೆ 16 ಅಡಿಗೆ ಲೆಕ್ಕ ಹಾಕಿದರೆ ಗಂಟೆಗೆ ಒಂದಡಿಯೂ ಇಲ್ಲ. ಮರುದಿನ ಮಧ್ಯಾಹ್ನ ಮಗು ಜೀವಂತ ಹೊರಬಂತು. 1991ರ ಕುವೈತಿನಲ್ಲಿ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳು ಉರಿಯುತ್ತಿದ್ದಾಗ ಆರಿಸಲು ವರ್ಷಗಟ್ಟಲೆ ಬೇಕು ಎಂದಿದ್ದರು ತಜ್ಞರು. ಎಣ್ಣೆಯನ್ನು ಸಮುದ್ರಕ್ಕೆ ಒಯ್ಯುತ್ತಿದ್ದ ಕೊಳವೆಗಳಲ್ಲೇ ಸಮುದ್ರದ ನೀರನ್ನು ಹಿಮ್ಮುಖವಾಗಿ ಹರಿಸಿ, ಒಂದಾದ ಮೇಲೆ ಒಂದರಂತೆ, ನವೆಂಬರ್ 6ರ ಹೊತ್ತಿಗೆ ಕೊನೆಯದನ್ನೂ ಮುಚ್ಚಿದರು. ಲಚ್ಯಾಣದ ಗುಂಡಿಯಲ್ಲಿದ್ದದ್ದೂ ಅದೇ ಜಾತಿಯ ತಾಳ್ಮೆ, ಅಳತೆ ಬೇರೆ.

ಈ ಕೆಲಸಕ್ಕೆ ಸೇರುವುದು ಹೇಗೆ ಎಂದು ಕೇಳುವ ಹುಡುಗ ಹುಡುಗಿಯರಿಗೆ ಸಂಖ್ಯೆಗಳು ಬೇರೆ ಬಗೆಯವು. ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಲ್ಲಿ ಫೈರ್‌ಮನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು, ಠಾಣಾಧಿಕಾರಿಯಾಗಲು ಪದವಿ ಬೇಕು. ಆಯ್ಕೆಯಾದವರಿಗೆ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ. ಕೇಂದ್ರದ ಸಿಐಎಸ್‌ಎಫ್‌ನಲ್ಲಿ ಅಗ್ನಿಶಾಮಕ ಕಾನ್‌ಸ್ಟೆಬಲ್ ಆಗಬೇಕೆಂದರೆ ವಿಜ್ಞಾನದ ಪಿಯುಸಿ, 170 ಸೆಂಟಿಮೀಟರ್ ಎತ್ತರ, ಉಸಿರೆಳೆದಾಗ ಎದೆ ಐದು ಸೆಂಟಿಮೀಟರ್ ಹಿಗ್ಗಬೇಕು, ಮತ್ತು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಓಡಬೇಕು. ನಾಗಪುರದಲ್ಲಿ 1950ರ ದಶಕದಿಂದ ಇರುವ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ಬಿ.ಇ. ಪದವಿಯೇ ಇದೆ. 2002ರಲ್ಲಿ ಅಲ್ಲಿಗೆ ಸೇರಿದ ಹರ್ಷಿಣಿ ಕನ್ಹೇಕರ್ ಆ ಕಾಲೇಜಿನ ಮೊದಲ ವಿದ್ಯಾರ್ಥಿನಿ; ಮುಂದೆ ಒಎನ್‌ಜಿಸಿಯಲ್ಲಿ ಅಗ್ನಿಶಾಮಕ ಅಧಿಕಾರಿಯಾದರು. ಎತ್ತರ, ಎದೆ, ಓಟ ಅಳೆಯುವವರು ಸಮಾಧಾನವನ್ನು ಅಳೆಯುವುದಿಲ್ಲ. ಅದನ್ನು ಒಳಗೆ ಬಂದ ಮೇಲೆ, ಕೃತಕ ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿ ಮೊಣಕಾಲ ಮೇಲೆ ತೆವಳಿಸಿ ತೆವಳಿಸಿ ಕೂರಿಸುತ್ತಾರೆ. ಹುಟ್ಟಾ ಧೈರ್ಯವಂತರಿಗಿಂತ, ಮಾಡಿದ್ದನ್ನೇ ನೂರು ಸಲ ಮಾಡಲು ಬೇಸರಿಸದವರಿಗೆ ಈ ಕೆಲಸ ಒಗ್ಗುತ್ತದೆ ಎಂಬುದು ನನ್ನ ಅನಿಸಿಕೆ.

ಬೇಸರಿಸದವರೇ ಬೇಕೆನ್ನಲು ವಿಮಾನ ನಿಲ್ದಾಣದ ಅಗ್ನಿಶಾಮಕರನ್ನು ನೋಡಿ. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ಅವರು ಮುಟ್ಟಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಎರಡಾದರೆ ಇನ್ನೂ ಒಳ್ಳೆಯದು. ಅತಿ ದೊಡ್ಡ ವಿಮಾನಗಳು ಇಳಿಯುವ ನಿಲ್ದಾಣದಲ್ಲಿ ಗಾಡಿಗಳು 32,300 ಲೀಟರ್ ನೀರು ಹೊತ್ತಿದ್ದು, ನಿಮಿಷಕ್ಕೆ 11,200 ಲೀಟರ್ ನೊರೆದ್ರಾವಣ ಎಸೆಯಬಲ್ಲವಾಗಿರಬೇಕು. ಮೂರು ನಿಮಿಷ ತುಂಬುವುದರೊಳಗೆ ಅದೂ ಖಾಲಿ. ಆ ಮೂರು ನಿಮಿಷ ಬಾರದೆಯೇ ನಿವೃತ್ತರಾಗುವವರು ಅವರಲ್ಲಿ ಬಹಳ ಮಂದಿ. ಆದರೂ ಸ್ಟಾಪ್‌ವಾಚ್ ಹಿಡಿದು ಡ್ರಿಲ್ ನಡೆಯುತ್ತಲೇ ಇರುತ್ತದೆ.

ಊರಿನ ಠಾಣೆಗಳಿಗೆ ಆ ಭಾಗ್ಯವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಬೆಂಕಿ ಅವಘಡಗಳಲ್ಲಿ ಸತ್ತವರು 7,400ಕ್ಕೂ ಹೆಚ್ಚು, ದಿನಕ್ಕೆ ಇಪ್ಪತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತದ್ದು ಮನೆಗಳಲ್ಲೇ. ಕರ್ನಾಟಕದ 1,91,791 ಚದರ ಕಿಲೋಮೀಟರಿಗೆ ಇರುವ ಠಾಣೆಗಳು ಇನ್ನೂರಕ್ಕಿಂತ ಸ್ವಲ್ಪ ಹೆಚ್ಚು. ಸರಾಸರಿ 900 ಚದರ ಕಿಲೋಮೀಟರಿಗೆ ಒಂದು. ಹಳ್ಳಿಗೆ 20 ನಿಮಿಷದಲ್ಲಿ ಗಾಡಿ ಮುಟ್ಟಬೇಕು ಎಂಬ ಮಾನದಂಡ ಕಾಗದದಲ್ಲಿದೆ. ಬಣವೆ ಸುಟ್ಟುಕೊಂಡ ರೈತರನ್ನು ಕೇಳಿದರೆ ಬೇರೆ ಸಂಖ್ಯೆ ಹೇಳಿಯಾರು. 2011ರಲ್ಲಿ ಕೇಂದ್ರಕ್ಕಾಗಿ ನಡೆದ ಸಮೀಕ್ಷೆ ದೇಶಕ್ಕೆ ಸುಮಾರು 8,500 ಠಾಣೆ ಬೇಕು, ಇರುವುದು ಮೂರು ಸಾವಿರಕ್ಕೂ ಕಡಿಮೆ ಎಂದಿತು. ಅಲ್ಲಿಂದೀಚೆಗೆ ಠಾಣೆಗಳು ಕೆಲವು ಹೆಚ್ಚಿವೆ, ಮಹಡಿಗಳು ಅದಕ್ಕಿಂತ ಹೆಚ್ಚಿವೆ. 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ಬಲಪಡಿಸಲು ಕೇಂದ್ರ 5,000 ಕೋಟಿ ರೂಪಾಯಿಯ ಯೋಜನೆ ತಂದಿದೆ. ಆ ಸಮೀಕ್ಷೆಯ ಕೊರತೆ 5,500 ಠಾಣೆ. ಒಂದೊಂದಕ್ಕೆ ಎಲ್ಲ ಪಾಳಿಗಳೂ ಸೇರಿ ಇಪ್ಪತ್ತೇ ಜನ ಎಂದು ಕೈಬಿಗಿ ಹಿಡಿದು ಗುಣಿಸಿದರೂ 1,10,000 ಉದ್ಯೋಗಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಅರ್ಜಿಯನ್ನೇ ಕರೆದಿಲ್ಲ.